ಉಳಿದ ಕಾಂಕ್ರೀಟಿನ ಹಕ್ಕುದಾರರು

ಕುಂಜತ್ತೂರಿನಿಂದ ತೆಂಕಕ್ಕೆ ಹೆದ್ದಾರಿಯ ಎಡಬಲದಲ್ಲಿರುವ ಗೋದಾಮು, ಮರದ ಮಿಲ್ಲು, ಕಾರಿನ ಶೋರೂಮುಗಳಲ್ಲಿ ಮುಕ್ಕಾಲು ಪಾಲಿನ ನೆಲ ಕ್ಲೆಟಸ್ ಹಾಕಿದ್ದು. ಮನೆ ಕಟ್ಟುವ ಕೆಲಸಕ್ಕೆ ಅವನು ಹೋಗುವುದಿಲ್ಲ. ಅಲ್ಲಿ ಗಂಡನಿಗೊಂದು ಬೇಕು, ಹೆಂಡತಿಗೊಂದು ಬೇಕು, ಇಬ್ಬರಿಗೂ ಬೇಡದ್ದು ಮಾವನಿಗೆ ಬೇಕು. ಕಾರ್ಖಾನೆಯವರಿಗೆ ಆ ರಗಳೆ ಇಲ್ಲ. ನೆಲ ಗಟ್ಟಿ ಇರಬೇಕು, ಸಮ ಇರಬೇಕು, ತುಂಬಿದ ಲಾರಿ ಒಳಗೆ ಬಂದರೂ ಬಿರುಕು ಬಿಡಬಾರದು. ಈ ವಿಷಯದಲ್ಲಿ ಕ್ಲೆಟಸನ ಹೆಸರಿಗೆ ಎರಡು ಮಾತಿಲ್ಲ. ಅವನು ಹಾಕಿದ ನೆಲದ ಮೇಲೆ ಅಡಿಕೆಯೊಂದನ್ನು ಇಟ್ಟರೆ ಅದು ಇಟ್ಟಲ್ಲೇ ಕೂರುತ್ತದೆ ಎಂದು ಪೆರ್ಲದ ಅಡಿಕೆ ಗೋದಾಮಿನವರು ಇಂದಿಗೂ ಕಂಡಕಂಡವರಿಗೆ ಹೇಳುತ್ತಾರೆ.

ಇಂಥ ಕ್ಲೆಟಸನ ಸ್ವಂತ ಮನೆಯ ಅಂಗಳ ಮಾತ್ರ ಅಪ್ಪಟ ಮಣ್ಣು. ಮಳೆಗಾಲದಲ್ಲಿ ಕೆಸರು, ಬೇಸಗೆಯಲ್ಲಿ ಧೂಳು. ಗೇಟಿನ ಹೊರಗೆ ಅವನು ಸ್ಕೂಟರ್ ನಿಲ್ಲಿಸುವ ಜಾಗವೂ ಅಷ್ಟೆ. ಸ್ಟ್ಯಾಂಡು ಹೂತುಹೋಗದಂತೆ ಅದರ ಅಡಿಗೆ ಒಡೆದ ಹಂಚಿನ ತುಂಡೊಂದನ್ನು ಇಡಬೇಕು. ಹಂಚು ಸ್ವಲ್ಪ ಸರಿಯಿತೋ, ಸ್ಕೂಟರ್ ಪಕ್ಕದ ದಾಸವಾಳದ ಗಿಡದ ಮೇಲೆ ಒರಗಿ ಮಲಗುತ್ತದೆ.

ಹೆಂಡತಿ ಇಮೆಲ್ಡಾ ಈ ಅಂಗಳಕ್ಕೆ ಕಾಂಕ್ರೀಟು ಹಾಕಿಸಿ ಎಂದು ಕೇಳಲು ಶುರುಮಾಡಿದಾಗ ಮಗ ಅಲ್ರಾಯ್ ಅಂಗನವಾಡಿಗೆ ಹೋಗುತ್ತಿದ್ದ. ಈಗ ಅವನಿಗೆ ಮದುವೆಯಾಗಿ ಮಗುವೂ ಆಗಿದೆ. ಇಷ್ಟು ಕಾಲವೂ ಕ್ಲೆಟಸ್ ಕೊಟ್ಟ ಉತ್ತರ ಒಂದೇ. "ಉಳಿದರೆ ನೋಡುವ."

ಈ ಉಳಿಯುವ ಸಂಗತಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ದೊಡ್ಡ ಕೆಲಸಗಳಿಗೆ ಕಾಂಕ್ರೀಟು ಈಗ ಕಲಸಿಯೇ ಬರುತ್ತದೆ. ರಾಜ್ಯದ ಗಡಿಯ ಆಚೆ ಇರುವ ಪ್ಲಾಂಟಿನಲ್ಲಿ ತುಂಬಿಸಿ, ತಿರುಗುವ ಹೊಟ್ಟೆಯ ಲಾರಿಯಲ್ಲಿ ತಂದು ಸುರಿಯುತ್ತಾರೆ. ಕೊನೆಗೆ ಕಡಿಮೆ ಬಿದ್ದರೆ ಮರ್ಯಾದೆ ಹೋಗುತ್ತದೆಂದು ಕಾಂಟ್ರಾಕ್ಟರ್ ಯಾವಾಗಲೂ ಸ್ವಲ್ಪ ಹೆಚ್ಚೇ ಹೇಳಿರುತ್ತಾನೆ. ಹಾಗಾಗಿ ಕೊನೆಯ ಲಾರಿಯ ಹೊಟ್ಟೆಯಲ್ಲಿ ಒಂದಿಷ್ಟು ಉಳಿಯುತ್ತದೆ. ಅದನ್ನು ವಾಪಸು ಒಯ್ಯುವ ಹಾಗಿಲ್ಲ, ದಾರಿಯಲ್ಲೇ ಕಲ್ಲಾಗುತ್ತದೆ. ಆದ್ದರಿಂದ ಅಲ್ಲಿ ಬಾಲ್ದಿ ಹಿಡಿದು ನಿಂತವರಿಗೆ ಕೊಟ್ಟುಬಿಡುವುದು ರೂಢಿ. ನಮ್ಮ ಕಡೆ ಇದು ಬರಬರುತ್ತಾ ಒಂದು ಹಕ್ಕೇ ಆಗಿಬಿಟ್ಟಿದೆ. ಊರಿನ ಅಡ್ಡರಸ್ತೆಗೆ ಆ ಲಾರಿ ತಿರುಗಿದರೆ ಸಾಕು, ಯಾರ ಬಚ್ಚಲಿನ ಬದಿ ಕುಸಿದಿದೆ, ಯಾರ ಬಾವಿಕಟ್ಟೆ ಒಡೆದಿದೆ ಎಂಬುದೆಲ್ಲ ಅವರವರಿಗೆ ನೆನಪಾಗುತ್ತದೆ.

ಕೇಳಿದವರಿಗೆಲ್ಲ ಕ್ಲೆಟಸ್ "ಉಳಿದರೆ ನೋಡುವ" ಎನ್ನುತ್ತಿದ್ದ. ಇಲ್ಲ ಎಂಬ ಎರಡಕ್ಷರ ಅವನ ನಾಲಿಗೆಯಲ್ಲಿ ಹೊರಳಿದ್ದೇ ಇಲ್ಲ. ಉಳಿದದ್ದನ್ನೆಲ್ಲ ಅಲ್ಲಲ್ಲೇ ಹಂಚಿ, ಬರಿಗೈಯಲ್ಲಿ, ತುಂಬು ಸಂತೋಷದಲ್ಲಿ ಮನೆಗೆ ಬರುತ್ತಿದ್ದ. ಊರೆಲ್ಲ ಅವನನ್ನು ಧಾರಾಳಿ ಎಂದಿತು. ಧಾರಾಳಿಯ ಹೆಂಡತಿ ಬೆಳಿಗ್ಗೆ ಎದ್ದು ಮಣ್ಣು ಗುಡಿಸಿದಳು.

ಅಲ್ರಾಯ್‌ನ ಮದುವೆಯ ರೋಸಿನ ದಿನ ಈ ಅಂಗಳ ಇಮೆಲ್ಡಾಳ ಮಾನ ಕಳೆದಿತ್ತು. ರೋಸ್ ಎಂದರೆ ಮದುವೆಯ ಮುಂಚಿನ ದಿನ ಮದುಮಗಳಿಗೋ ಮದುಮಗನಿಗೋ ತೆಂಗಿನ ಹಾಲು ಹಚ್ಚುವ ಶಾಸ್ತ್ರ. ಅಂಗಳದಲ್ಲಿ ಚಪ್ಪರ ಹಾಕಿ, ನೂರಾರು ಜನರನ್ನು ಕರೆದು ಮಾಡುತ್ತಾರೆ. ಮಧ್ಯಾಹ್ನ ಒಂದು ಮಳೆ ಬಂದು ಹೋಗಿತ್ತು. ಹೆಣ್ಣಿನ ಕಡೆಯ ದೊಡ್ಡಮ್ಮ ಎದುರಿನ ಸಾಲಿನಲ್ಲಿ ಕೂತು ಶರಬತ್ತು ಕುಡಿಯುತ್ತಿದ್ದವರು, ಕುರ್ಚಿಯ ಹಿಂದಿನ ಕಾಲೆರಡೂ ಮೆಲ್ಲಮೆಲ್ಲನೆ ಕೆಸರಿಗಿಳಿದು, ಗ್ಲಾಸು ಕೈಯಲ್ಲಿರುವಂತೆಯೇ ಹಿಂದಕ್ಕೆ ವಾಲುತ್ತಾ ವಾಲುತ್ತಾ ಕೊನೆಗೆ ಆಕಾಶ ನೋಡುತ್ತಾ ಮಲಗಿದರು. ಬ್ಯಾಂಡಿನವರು ಬಾರಿಸುವುದನ್ನು ನಿಲ್ಲಿಸಲಿಲ್ಲ. ಆ ದೊಡ್ಡಮ್ಮ ಇಂದಿಗೂ ಎಲ್ಲಿ ಸಿಕ್ಕಿದರೂ, "ಕಾಂಕ್ರೀಟಿನವರ ಮನೆಯವರಲ್ವಾ ನೀವು?" ಎಂದು ಇಮೆಲ್ಡಾಳನ್ನು ಕೇಳುತ್ತಾರೆ.

ಈಗ ಮಗಳು ವೆನಿಸ್ಸಾಳ ಮದುವೆ ಗೊತ್ತಾಗಿತ್ತು. ಈಸ್ಟರ್ ಕಳೆದ ಮೇಲಿನ ಮೊದಲ ಆದಿತ್ಯವಾರ ರೋಸ್. ಇಮೆಲ್ಡಾ ಒಂದು ಬೆಳಿಗ್ಗೆ ಗಂಡನ ಮುಂದೆ ದೋಸೆಯ ತಟ್ಟೆ ಇಟ್ಟು ಹೇಳಿದಳು. ಅವರಿಬ್ಬರೂ ಮಾತಾಡುವುದು ಕೊಂಕಣಿಯಲ್ಲಿ, ನಾವು ಕನ್ನಡದಲ್ಲಿ ಕೇಳಿಸಿಕೊಳ್ಳೋಣ.

"ರೋಸಿಗೆ ಅಂಗಳ ಆಗ್ಬೇಕು."

"ಆಗ್ತದೆ ಮಾರಾಯ್ತಿ. ಶಿರಿಯದಲ್ಲಿ ದೊಡ್ಡ ಕೆಲಸ ಉಂಟು. ಅಲ್ಲಿ ಹೇಗೂ ಸ್ವಲ್ಪ ಉಳಿಯುದೇ."

"ಉಳಿದದ್ದು ನನಗೆ ಬೇಡ. ಅಂಗಳಕ್ಕೇ ಅಂತ ಒಂದು ಲೋಡ್ ತರಿಸಿ."

"ಸುಮ್ಮನೆ ಎಂತಕ್ಕೆ ಒಂದು ಲೋಡ್? ಉಳಿದರೆ ನೋಡುವ."

ಇಮೆಲ್ಡಾ ಚಟ್ನಿ ಬಡಿಸಲು ಎತ್ತಿದ್ದ ಸೌಟನ್ನು ಹಾಗೆಯೇ ಪಾತ್ರೆಗೆ ಬಿಟ್ಟು ಒಳಗೆ ಹೋದಳು. ಕ್ಲೆಟಸ್ ಬರಿ ದೋಸೆ ತಿಂದು ಕೆಲಸಕ್ಕೆ ಹೋದ. ಅಷ್ಟಕ್ಕೇ ಮುಗಿಯಿತು ಎಂದುಕೊಂಡ. ಮೂವತ್ತು ವರ್ಷ ಜೊತೆಯಲ್ಲಿದ್ದ ಹೆಂಗಸಿನ ಮೌನವನ್ನು ಅವನು ಸಮ್ಮತಿ ಎಂದು ಓದಿದ. ನೆಲ ನೋಡಿದ ಕೂಡಲೇ ಎಲ್ಲಿ ಬಿರುಕು ಬರುತ್ತದೆಂದು ಹೇಳಬಲ್ಲವನಿಗೆ ಇದು ಮಾತ್ರ ಕಾಣಲಿಲ್ಲ.

ಶಿರಿಯದ ಹೊಳೆಬದಿಯಲ್ಲಿ ಐಸ್ ಪ್ಲಾಂಟು ಕಟ್ಟಿಸುತ್ತಿದ್ದವರು ಚೆನ್ನಯ್ಯ. ಗಲ್ಫಿನಲ್ಲಿ ಬಹಳ ಕಾಲ ಇದ್ದು ಬಂದವರು. ಅಲ್ಲಿನ ಬಿಸಿಲಿಗೆ ರೋಸಿಹೋಗಿಯೋ ಏನೋ, ಊರಿಗೆ ಬಂದು ಮಂಜುಗಡ್ಡೆಯ ವ್ಯಾಪಾರವನ್ನೇ ಹಿಡಿದಿದ್ದರು. ಮೀನಿನ ದೋಣಿಗಳಿಗೆ ಐಸು ಕೊಡುವ ಪ್ಲಾಂಟು ಎಂದರೆ ನೆಲಕ್ಕೆ ಸದಾ ನೀರು, ಸದಾ ಉಪ್ಪು. ನೀರು ಚರಂಡಿಗೆ ಹರಿಯುವಷ್ಟು ವಾಟ ಬೇಕು, ಐಸಿನ ಗಾಡಿ ತಾನಾಗಿ ಓಡದಷ್ಟು ಸಮವೂ ಇರಬೇಕು. ಕ್ಲೆಟಸ್ ಜಲ್ಲಿ ಹಾಸಿ, ರೋಲರ್ ಓಡಿಸಿ, ಪ್ಲಾಸ್ಟಿಕ್ ಹಾಳೆ ಬಿಡಿಸಿ, ಕಬ್ಬಿಣದ ಜಾಲರಿ ಕಟ್ಟಿಸಿ ಸಿದ್ಧವಾಗಿದ್ದ. ಶನಿವಾರ ಸುರಿಯುವುದೆಂದು ತೀರ್ಮಾನವಾಯಿತು.

ಶನಿವಾರ ಬೆಳಿಗ್ಗೆ ಮೊದಲ ಲಾರಿ ಬರುವ ಮುಂಚೆಯೇ ಹಕ್ಕುದಾರರು ಬಂದಿದ್ದರು. ನಿವೃತ್ತರಾದ ಜಲಜಾಕ್ಷಿ ಟೀಚರಿಗೆ ಬಟ್ಟೆ ಒಗೆಯುವ ಕಲ್ಲು ಬೇಕಿತ್ತು. ಅದರ ಅಳತೆಗೆ ಹಲಗೆಯ ಚೌಕಟ್ಟನ್ನೂ ಮಾಡಿಸಿ, ಅದರಲ್ಲೇ ಕೊಡೆ ಇಟ್ಟು ಕೂತಿದ್ದರು. ಮೀನು ಮಾರುವ ಕಿನ್ನಿಗೆ ಮೀನು ಕೊಯ್ಯಲು ಒಂದು ಹಾಸು ಬೇಕಿತ್ತು. ರಿಕ್ಷಾ ಸ್ಟ್ಯಾಂಡಿನವರಿಗೆ ಕೂರಲು ಒಂದು ಕಟ್ಟೆ. ಯುವಕ ಸಂಘದವರಿಗೆ ಧ್ವಜಸ್ತಂಭದ ಬುಡ. ಎಲ್ಲವೂ ಗೇಟಿನಿಂದ ಕಣ್ಣಳತೆಯಲ್ಲೇ.

"ಪೊರ್ಬುಗಳೇ, ನಂದು ನೆನಪುಂಟಲ್ಲ?" ಎಂದಳು ಕಿನ್ನಿ. ಆ ಕಡೆ ಕ್ರಿಶ್ಚಿಯನ್ ಗಂಡಸರನ್ನು ಹಾಗೆ ಕರೆಯುವುದು ಮರ್ಯಾದೆ.

"ಉಂಟು, ಉಂಟು. ಉಳಿದರೆ ನೋಡುವ."

ಅಷ್ಟರಲ್ಲಿ ಚೆನ್ನಯ್ಯನವರೂ ಹತ್ತಿರ ಬಂದು ದನಿ ತಗ್ಗಿಸಿ, "ಕ್ಲೆಟಸ್, ಜನರೇಟರಿನ ಅಡಿಗೆ ಒಂದು ಕಟ್ಟೆ ಬೇಕಿತ್ತು. ಅದು ಲೆಕ್ಕದಲ್ಲಿ ಸೇರಲಿಲ್ಲ. ನೋಡಿ, ಕೊನೆಗೆ ಎಂತಾದ್ರೂ ಉಳಿದರೆ" ಎಂದರು. ಪ್ಲಾಂಟಿನ ಯಜಮಾನನೇ ಸಾಲಿಗೆ ನಿಂತದ್ದು ನೋಡಿ ಕ್ಲೆಟಸನ ಎದೆ ಉಬ್ಬಿತು.

ಕೆಲಸ ಹೂವೆತ್ತಿದಂತೆ ಸಾಗಿತು. ಲಾರಿ ಓಡಿಸುವ ಮಹಾಲಿಂಗ ಬಂದು ಸುರಿದ, ಹೋದ, ಮತ್ತೆ ತುಂಬಿಸಿಕೊಂಡು ಬಂದ. ಮೇಸ್ತ್ರಿ ವಾಸಪ್ಪ ಹಲಗೆ ಎಳೆದು ಮಟ್ಟ ಮಾಡಿದ. ಮಧ್ಯಾಹ್ನ ಚೆನ್ನಯ್ಯನವರು ಆಳುಗಳಿಗೆಲ್ಲ ಕೋಳಿ ಊಟ ಹಾಕಿಸಿದರು. ಕೊನೆಯ ಮೂಲೆ ಮುಗಿದಾಗ ಲಾರಿಯ ಹೊಟ್ಟೆಯಲ್ಲಿ ಉಳಿದದ್ದು ಒಂದೇ ಕೈಗಾಡಿಯಷ್ಟು. ಅದು ಟೀಚರ ಒಗೆಯುವ ಕಲ್ಲಿಗೆ ಸರಿಹೋಯಿತು. ಟೀಚರು ಕೊಡೆ ತೆಗೆದುಕೊಂಡು ಮನೆಗೆ ಹೋದರು. ಉಳಿದವರ ಮುಖ ಸಣ್ಣಗಾಯಿತು. ಕ್ಲೆಟಸ್ ಅವರ ಕಣ್ಣು ತಪ್ಪಿಸಿ, ನೆಲ ಉಜ್ಜುವ ಯಂತ್ರವನ್ನು ಅಗತ್ಯಕ್ಕಿಂತ ಹೆಚ್ಚು ಗಮನಕೊಟ್ಟು ನೋಡತೊಡಗಿದ.

ಆಗ ಮಹಾಲಿಂಗನ ಲಾರಿ ಮತ್ತೊಮ್ಮೆ ಗೇಟಿನೊಳಗೆ ಬಂತು, ಹೊಟ್ಟೆ ತುಂಬಿಕೊಂಡು.

"ಇದೆಂತ ಮಹಾಲಿಂಗ? ನನ್ನ ಲೋಡ್ ಎಲ್ಲ ಮುಗೀತಲ್ಲ."

"ನನಗೆಂತ ಗೊತ್ತು ಕ್ಲೆಟಸಣ್ಣ? ಪ್ಲಾಂಟಿನಲ್ಲಿ ಪ್ರವೀಣ್ ತುಂಬಿಸಿ ಕ್ಲೆಟಸಣ್ಣನ ಲೋಡ್ ಅಂದ. ಬೆಳಗ್ಗಿಂದ ತರುವ ಹಾಗೆ ಇದನ್ನೂ ತಂದೆ." ಮಹಾಲಿಂಗ ಕೆಳಗಿಳಿದು ಬೆನ್ನು ನೆಟ್ಟಗೆ ಮಾಡಿಕೊಂಡ. "ಹಾಂ, ಕುಂಜತ್ತೂರಿನಲ್ಲಿ ಬಾಯಮ್ಮ ಗೇಟಿನ ಹತ್ರ ನಿಂತಿದ್ರು. ಕೈ ಬೀಸಿದ್ರು. ನಾನೂ ಬೀಸಿದೆ."

ಬಾಯಮ್ಮ ಎಂದರೆ ಇಮೆಲ್ಡಾ. ಅವಳು ಲಾರಿಗಳಿಗೆ ಕೈಬೀಸುವ ಪೈಕಿಯಲ್ಲ. ಕ್ಲೆಟಸನಿಗೆ ಒಂದು ಕ್ಷಣ ಏನೋ ಹೊಳೆದಂತಾಯಿತು. ಆದರೆ ಎದುರಿಗೆ ಕಿನ್ನಿ ಬಾಲ್ದಿ ಹಿಡಿದು ನಿಂತಿದ್ದಳು, ಅವಳ ಹಿಂದೆ ರಿಕ್ಷಾದವರು, ಅವರ ಹಿಂದೆ ಯುವಕ ಸಂಘ. ಪ್ಲಾಂಟಿಗೆ ಫೋನ್ ಮಾಡಿದ. ಅಲ್ಲಿ ಲೋಡಿನ ಲೆಕ್ಕ ನೋಡುವ ಪ್ರವೀಣ್ ಎತ್ತಲಿಲ್ಲ. ಅವನದ್ದೇ ಲೆಕ್ಕ ತಪ್ಪಿರಬೇಕು ಎಂದುಕೊಂಡ. ತಪ್ಪು ಯಾರದ್ದಾದರೂ ಕಾಂಕ್ರೀಟು ಕಾಯುವುದಿಲ್ಲ.

ಮನೆಯ ಅಂಗಳ ಅವನಿಗೆ ನೆನಪಾಗಲಿಲ್ಲವೆಂದು ಹೇಳಿದರೆ ಅನ್ಯಾಯವಾದೀತು. ನೆನಪಾಯಿತು. ಮೊದಲು ಇವರದ್ದೆಲ್ಲ ಸಣ್ಣಸಣ್ಣದು ಮುಗಿಸಿ, ಉಳಿದದ್ದನ್ನು ಪೂರ್ತಿ ಮನೆಗೆ ಕಳಿಸುವುದು ಎಂದು ಅವನು ಆಗಲೇ ನಿಶ್ಚಯಿಸಿದ. ಇಮೆಲ್ಡಾಳ ಮುಖ ಅರಳುವುದನ್ನು ಕಲ್ಪಿಸಿಕೊಂಡು ಖುಷಿಯೂ ಪಟ್ಟ. ಹಾಗೆ ಖುಷಿಪಡುತ್ತಲೇ ಸುರಿಯಲು ಹೇಳಿದ.

ಸಣ್ಣದು ಸಣ್ಣದಾಗಿ ಉಳಿಯಲಿಲ್ಲ. ಕಿನ್ನಿಯ ಹಾಸಿಗೆ ಪಕ್ಕದಲ್ಲಿ ನೀರಿನ ತೊಟ್ಟಿಗೊಂದು ಅಡಿಪಾಯ ಸೇರಿತು. ರಿಕ್ಷಾದವರು ಮೂವರು ಕೂರುವ ಕಟ್ಟೆ ಎಂದಿದ್ದವರು, ಲಾರಿಯ ಹೊಟ್ಟೆ ನೋಡಿದ ಮೇಲೆ ಒಂಬತ್ತು ಮಂದಿ ಇದ್ದೇವೆ ಎಂದು ಲೆಕ್ಕ ಸರಿಪಡಿಸಿದರು. ಚೆನ್ನಯ್ಯನವರ ಜನರೇಟರಿನ ಕಟ್ಟೆ ಎರಡು ಜನರೇಟರಿಗೆ ಸಾಕಾಗುವಷ್ಟಾಯಿತು. ಎಲ್ಲಕ್ಕಿಂತ ಜೋರು ಯುವಕ ಸಂಘದವರು. ಧ್ವಜಸ್ತಂಭದ ಬುಡ ನೋಡನೋಡುತ್ತಿದ್ದಂತೆ ಅಗಲವಾಗುತ್ತಾ ಹೋಗಿ, ಎದುರು ಮೆಟ್ಟಿಲೂ ಬಂದು, ಸ್ವಾತಂತ್ರ್ಯ ದಿನಕ್ಕೆ ಭಾಷಣಕಾರರು ಸಾಲಾಗಿ ಕೂರಬಹುದಾದ ವೇದಿಕೆಯಾಯಿತು.

"ಪೊರ್ಬುಗಳ ಕೈ ದೊಡ್ಡದು" ಎಂದು ಯಾರೋ ಹೇಳಿದರು. ಕ್ಲೆಟಸ್ ಸಲಿಕೆಗೆ ಆತು ನಿಂತು, ಬೆವರು ಒರೆಸಿಕೊಂಡು ನಕ್ಕ. ಆಗ ಫೋನು ಹೊಡೆದುಕೊಂಡಿತು.

"ಲಾರಿ ಎಲ್ಲಿ?" ಎಂದಳು ಇಮೆಲ್ಡಾ.

"ಯಾವ ಲಾರಿ?"

"ನನ್ನ ಲಾರಿ. ಅಂಗಳಕ್ಕೆ ಅಂತ ನಾನೇ ಪ್ರವೀಣನಿಗೆ ಹೇಳಿ ತರಿಸಿದ್ದು. ನಿಮಗೆ ಹೇಳ್ಬೇಡ ಅಂತ ಹೇಳಿದ್ದೂ ನಾನೇ. ಗೊತ್ತಾದ್ರೆ ನೀವು ಊರಿಗೆಲ್ಲ ಹಂಚ್ತೀರಿ ಅಂತ."

ಕ್ಲೆಟಸ್ ಸಲಿಕೆಯನ್ನು ಕೆಳಗಿಟ್ಟ.

"ಗಾರೆ ಕೆಲಸದ ಚನಿಯ ಬೆಳಗ್ಗಿಂದ ಹಲಗೆ ಕಟ್ಟಿ, ನೂಲು ಎಳೆದು ಕೂತಿದ್ದಾನೆ. ಲಾರಿ ಮೇಲಿನ ಹೈವೇ ರೋಡಲ್ಲಿ ಸೀದಾ ಹೋಯ್ತು. ನಿಲ್ಲಿಸು ಅಂತ ನಾನು ಕೈ ಬೀಸಿದ್ರೆ ಅವ ಟಾಟಾ ಮಾಡಿ ಹೋದ. ಆ ರೋಡಲ್ಲಿ ತಿರುಗಲಿಕ್ಕೆ ದೂರ ಹೋಗ್ಬೇಕು, ತಿರುಗಿ ಬರ್ತಾನೆ ಅಂತ ಇಷ್ಟು ಹೊತ್ತು ಕಾದೆ. ಅಲ್ಲಿಗೆ ಬಂದಿದ್ದಾನಾ?"

ಕ್ಲೆಟಸ್ ಸುತ್ತ ನೋಡಿದ. ಕಿನ್ನಿ ತನ್ನ ಹಾಸಿನ ಅಂಚನ್ನು ಅಂಗೈಯಲ್ಲಿ ಸವರಿ ನಯ ಮಾಡುತ್ತಿದ್ದಳು. ಒಂಬತ್ತು ಮಂದಿಯ ಕಟ್ಟೆ ಬಿಸಿಲಿಗೆ ಹೊಳೆಯುತ್ತಿತ್ತು. ಯುವಕ ಸಂಘದ ಹುಡುಗರು ವೇದಿಕೆಯ ಮೂಲೆಯಲ್ಲಿ ಕಡ್ಡಿಯಿಂದ ಸಂಘದ ಹೆಸರು ಬರೆಯುತ್ತಿದ್ದರು.

"ಬಂದಿದ್ದಾನೆ" ಎಂದ.

"ಮತ್ತೆ?"

"ಸ್ವಲ್ಪ ಖರ್ಚಾಯ್ತು."

ಆಮೇಲೆ ಅವಳು ಕೇಳಿದಳು. "ಎಷ್ಟು ಉಳಿದಿದೆ?"

ಇಷ್ಟು ವರ್ಷ ಊರವರೆಲ್ಲ ಅವನನ್ನು ಕೇಳಿದ ಪ್ರಶ್ನೆಯೇ ಇದು. ಮಹಾಲಿಂಗ ಲಾರಿಯ ಹಿಂದೆ ಹತ್ತಿ ಇಣುಕಿ ನೋಡಿ ಎರಡು ಬೆರಳು ತೋರಿಸಿದ. ಎರಡು ಬಾಲ್ದಿ.

ಆ ಎರಡು ಬಾಲ್ದಿ ಕಾಂಕ್ರೀಟನ್ನು ಸ್ಕೂಟರಿನ ಕಾಲಿಡುವ ಜಾಗದಲ್ಲಿಟ್ಟು, ಒದ್ದೆ ಗೋಣಿ ಮುಚ್ಚಿ, ಕ್ಲೆಟಸ್ ಶಿರಿಯದಿಂದ ಕುಂಜತ್ತೂರಿಗೆ ಬಂದ. ದಾರಿಯುದ್ದಕ್ಕೂ ಅವನಿಗೆ ತನ್ನ ಮೇಲೆಯೇ ಅಸಹ್ಯವಾಗುತ್ತಿತ್ತು. ಅಂಗಳದಲ್ಲಿ ನಾಲ್ಕೂ ಬದಿಗೆ ಹಲಗೆ ನಿಲ್ಲಿಸಿತ್ತು, ಒಂದು ಕಸವಿಲ್ಲದೆ ಗುಡಿಸಿತ್ತು, ನೂಲು ಬಿಗಿಯಾಗಿತ್ತು. ಚನಿಯ ಕರಣೆಯನ್ನು ತೊಳೆದು ಕೈಯಲ್ಲಿ ಹಿಡಿದೇ ಕೂತಿದ್ದ. ಇಷ್ಟು ಚೆಂದಕ್ಕೆ ಸಿದ್ಧಪಡಿಸಿದ ಜಾಗವನ್ನು ಕ್ಲೆಟಸ್ ಯಾವ ಕಾರ್ಖಾನೆಯಲ್ಲೂ ನೋಡಿರಲಿಲ್ಲ.

ಇಮೆಲ್ಡಾ ಬಾಲ್ದಿಗಳನ್ನು ನೋಡಿದಳು. ಗಂಡನನ್ನು ನೋಡಲಿಲ್ಲ.

"ಚನಿಯ, ಬಾಗಿಲ ಎದುರು ಹಾಕು" ಎಂದಳು.

ಚನಿಯ ಮೆಟ್ಟಿಲ ಬುಡದಲ್ಲಿ ನಾಲ್ಕು ಪಟ್ಟಿ ಇಟ್ಟು, ಎರಡು ಬಾಲ್ದಿಯನ್ನೂ ಸುರಿದು, ಚೌಕವಾಗಿ ಮಟ್ಟ ಮಾಡಿದ. ಗೆರಸೆಯಷ್ಟು ಅಗಲದ ಅಂಗಳವಾಯಿತು.

ಅವಳು ಬೈದಿದ್ದರೆ ಕ್ಲೆಟಸನಿಗೆ ನೆಮ್ಮದಿಯಿತ್ತು. ಬೈಯಲಿಲ್ಲ. ಮಾರನೆಯ ದಿನದಿಂದ ಆ ಚೌಕದ ಮೇಲೆಯೇ ಬದುಕತೊಡಗಿದಳು. ಮೆಣಸು ಒಣಗಿಸುವುದು ಅದರ ಮೇಲೆ, ಅಕ್ಕಿ ಆರಿಸುವುದು ಅದರ ಮೇಲೆ, ಕೂದಲು ಒಣಗಿಸಿಕೊಳ್ಳುವುದು ಅದರ ಮೇಲೆ ನಿಂತು. ಮದುವೆಯ ಕಾಗದ ತೆಗೆದುಕೊಂಡು ಹೋಗಲು ಬಂದ ನೆಂಟರಿಗೆ, "ಇದು ನಮ್ಮ ಅಂಗಳ. ಇವರು ಹಾಕಿಸಿಕೊಟ್ಟದ್ದು" ಎಂದು ಗಂಭೀರವಾಗಿ ತೋರಿಸಿದಳು. ನೆಂಟರು ಚೌಕ ನೋಡಿ, ಕ್ಲೆಟಸನ ಮುಖ ನೋಡಿ, ಒಳ್ಳೆಯದಾಗಿದೆ ಎಂದರು. ಶಿರಿಯದಿಂದ ಚೆನ್ನಯ್ಯನವರು ಫೋನ್ ಮಾಡಿ, ನೆಲ ಬಹಳ ಚೆನ್ನಾಗಿ ಬಂದಿದೆ ಎಂದು ಹೊಗಳಿದರು. ಆ ಹೊಗಳಿಕೆ ಕ್ಲೆಟಸನಿಗೆ ಗಂಟಲಿನಲ್ಲಿ ಇಳಿಯಲಿಲ್ಲ.

ಇನ್ನೊಂದು ಲೋಡ್ ತರಿಸೋಣವೆಂದರೆ ಪ್ಲಾಂಟಿನವರಿಗೆ ಹೆದ್ದಾರಿಯ ಕೆಲಸದಿಂದ ಪುರುಸೊತ್ತಿಲ್ಲ. ಕ್ಲೆಟಸ್ ಪ್ರವೀಣನ ಕಾಲಿಗೆ ಬೀಳುವುದೊಂದು ಬಾಕಿಯಿಟ್ಟು ಬೇಡಿದ. ಕೊನೆಗೆ ಈಸ್ಟರ್ ಕಳೆದ ಮಂಗಳವಾರ ಒಂದು ಲೋಡ್ ಸಿಕ್ಕಿತು. ರೋಸ್ ಆ ವಾರದ ಆದಿತ್ಯವಾರ. ಕಾಂಕ್ರೀಟು ಜನರನ್ನು ಹೊರುವಷ್ಟು ಗಟ್ಟಿಯಾಗಲು ಅಷ್ಟು ದಿನ ಸಾಕು, ಆದರೆ ಆ ಲೋಡೂ ತಪ್ಪಿದರೆ ಮತ್ತೆ ದಾರಿಯಿಲ್ಲ. ವೆನಿಸ್ಸಾಳ ರೋಸೂ ಕೆಸರಿನಲ್ಲೇ, ಆ ದೊಡ್ಡಮ್ಮನ ಎದುರಿನಲ್ಲೇ. ಅದಕ್ಕಿಂತ ಕಷ್ಟದ ಕೆಲಸ ಇನ್ನೊಂದಿತ್ತು. ಅದನ್ನು ಇಮೆಲ್ಡಾಳಿಗೆ ಹೇಳುವುದು.

ಅವಳು ಚೌಕದ ಮೇಲೆ ಕೂತು ಮೀನು ಸರಿಮಾಡುತ್ತಿದ್ದಾಗ ಅವನು ಎದುರಿನ ಮಣ್ಣಿನಲ್ಲಿ ಕುಕ್ಕರುಗಾಲಿನಲ್ಲಿ ಕೂತ.

"ತಪ್ಪಾಯ್ತು" ಎಂದ.

"ಯಾವುದು? ಹಂಚಿದ್ದಾ?"

ಕ್ಲೆಟಸ್ ಯೋಚಿಸಿದ. ಬೇಗ ಹೇಳಿದರೆ ಸುಳ್ಳಾಗುವ ಮಾತು ಅದು. "ಹಂಚಿದ್ದಲ್ಲ. ಹಂಚುವಾಗ ನಿನ್ನ ನೆನಪಾಯ್ತು ನನಗೆ. ಉಳಿದದ್ದು ನಿನಗೆ ಅಂತ ಅನ್ನಿಸಿತು. ಅದೇ ತಪ್ಪು. ಯಾವಾಗಲೂ ನಿನ್ನನ್ನು ಕೊನೆಗೇ ಇಟ್ಟೆ."

ಇಮೆಲ್ಡಾಳ ಕತ್ತಿ ಬಂಗುಡೆಯ ಕತ್ತಿನಲ್ಲೇ ನಿಂತಿತು. ಮೂವತ್ತು ವರ್ಷದಲ್ಲಿ ಈ ಮನುಷ್ಯ ಒಂದು ಸರಿಯಾದ ಮಾತು ಆಡಿದ್ದಾನೆ ಎಂದು ಅವಳಿಗೆ ಅನ್ನಿಸಿರಬೇಕು. ಆದರೆ ಅಷ್ಟಕ್ಕೆ ಕರಗುವವಳಲ್ಲ.

"ಲೋಡ್ ನನ್ನ ಹೆಸರಲ್ಲಿ ಬರ್ಬೇಕು" ಎಂದಳು.

"ಆಗ್ಲಿ."

"ಮತ್ತೆ, ಲಾರಿಯ ಹತ್ರ ನಿಂತು ನೀವು ಇಲ್ಲ ಅಂತ ಹೇಳ್ಬೇಕು. ಒಬ್ಬನಿಗಾದ್ರೂ. ನನಗೆ ಕೇಳ್ಬೇಕು."

ಕ್ಲೆಟಸ್ ಒಪ್ಪಿದ. ಆ ವಾರವೆಲ್ಲ ಅವನು ಸ್ಕೂಟರಿನಲ್ಲಿ ಹೋಗುವಾಗ ಹೆಲ್ಮೆಟ್ಟಿನೊಳಗೆ ಇಲ್ಲ, ಇಲ್ಲ ಎಂದು ಅಭ್ಯಾಸ ಮಾಡಿದ. ಹೊಸಂಗಡಿಯ ಪೆಟ್ರೋಲ್ ಬಂಕಿನವನು ಟ್ಯಾಂಕ್ ತುಂಬಿಸಬೇಕಾ ಎಂದು ಕೇಳಿದ್ದಕ್ಕೂ ಇಲ್ಲ ಎಂದುಬಿಟ್ಟು, ಅರ್ಧ ದಾರಿಯಲ್ಲಿ ಪೆಟ್ರೋಲ್ ಮುಗಿದು ಸ್ಕೂಟರ್ ದೂಡಿಕೊಂಡು ಬಂದ.

ಮಂಗಳವಾರ ಬಂತು. ಮಹಾಲಿಂಗನಿಗೆ ಈ ಸಲ ಪ್ರಾಣಭಯ. ಪ್ಲಾಂಟಿನಿಂದ ಹೊರಟವನು ಸಿಕ್ಕಿದಲ್ಲೆಲ್ಲ ಲಾರಿ ಬದಿಗೆ ನಿಲ್ಲಿಸಿ ಇಮೆಲ್ಡಾಳಿಗೇ ಫೋನ್ ಮಾಡಿದ. "ಬಾಯಮ್ಮ, ತೊಕ್ಕೊಟ್ಟು ದಾಟಿದೆ." "ಬಾಯಮ್ಮ, ತಲಪಾಡಿ." "ಬಾಯಮ್ಮ, ಮೇಲಿನ ರೋಡಿಗೆ ಹತ್ತಲಿಲ್ಲ, ಬದಿಯ ರೋಡಲ್ಲೇ ಇದ್ದೇನೆ, ನೀವು ಒಮ್ಮೆ ಕೈ ಬೀಸಿ." ಇಮೆಲ್ಡಾ ನೈಟಿಯ ಮೇಲೆ ಬೈರಾಸು ಹೊದ್ದು ತನ್ನ ಚೌಕದ ಮೇಲೆ ನಿಂತು ಕೈ ಬೀಸಿದಳು. ಲಾರಿ ಗೇಟಿಗೆ ಬಂದು ನಿಂತಿತು.

ವಾಸಪ್ಪ ಆಳುಗಳನ್ನು ಕರೆದುಕೊಂಡು ಬಂದಿದ್ದ. ಚನಿಯನೂ ಕರಣೆ ಹಿಡಿದು ಸೇರಿಕೊಂಡ. ಶಿರಿಯದಿಂದ ಕಿನ್ನಿ ಬಸ್ಸು ಹತ್ತಿ ಬಂದಿದ್ದಳು. ಬಾಯಮ್ಮನ ಕಾಂಕ್ರೀಟು ತಾನು ತಿಂದೆನೆಂದು ಗೊತ್ತಾದ ಮೇಲೆ ಅವಳಿಗೆ ಹಾಸಿನ ಮೇಲೆ ಮೀನು ಕೊಯ್ಯಲು ಮನಸ್ಸಾಗಿರಲಿಲ್ಲವಂತೆ. ಒಂದು ಬುಟ್ಟಿ ಮೀನು ತಂದಿದ್ದಳು. ಆದರೆ ಬುಟ್ಟಿಯ ಜೊತೆಗೆ ಇನ್ನೊಂದು ಕೈಯಲ್ಲಿ ಖಾಲಿ ಬಾಲ್ದಿಯೂ ಇತ್ತು. ಕುಂಜತ್ತೂರಿನವರಂತೂ ಲಾರಿಯ ಸದ್ದಿಗೇ ಹೊರಬಿದ್ದು, ಕಂಪೌಂಡಿನ ಗೋಡೆಯ ಉದ್ದಕ್ಕೂ ಬಾಲ್ದಿ, ಬೋಗುಣಿ ಹಿಡಿದು ಸಾಲಾಗಿ ನಿಂತರು.

ಅರ್ಧ ಅಂಗಳ ಸುರಿದಾಗಿತ್ತು. ಪಕ್ಕದ ಮನೆಯ ಧನರಾಜ್ ಕೈಗಾಡಿ ತಳ್ಳಿಕೊಂಡು ಬಂದ. ಅವನಿಗೆ ನೀರಿನ ಟ್ಯಾಂಕಿನ ಅಡಿಗೆ ಬೇಕಿತ್ತು.

"ಕ್ಲೆಟಸಣ್ಣ, ಒಂದೇ ಒಂದು ಗಾಡಿ. ನಿಮಗೆ ಎಂತ, ಲಾರಿಗಟ್ಟಲೆ ಉಂಟು."

ಕ್ಲೆಟಸನ ತುಟಿಗೆ ಹಳೆಯ ಮಾತು ಬಂದೇಬಿಟ್ಟಿತ್ತು. ಅದನ್ನು ನುಂಗಿದ. ಕಣ್ಣು ಮುಚ್ಚಿದ.

"ಇಲ್ಲ."

ರೂಢಿಯಿಲ್ಲದ ಮಾತಾದ್ದರಿಂದ ಎಷ್ಟು ದೊಡ್ಡದಾಗಿ ಹೇಳಬೇಕೆಂದು ಗೊತ್ತಾಗದೆ ಅದು ಊರಿಗೆ ಕೇಳುವಷ್ಟು ಜೋರಾಗಿ ಬಂತು. ಧನರಾಜ್ ಗಾಡಿಯ ಹಿಡಿ ಬಿಟ್ಟ. ಮಹಾಲಿಂಗ ಹೆದರಿ ಲಾರಿಯ ಹೊಟ್ಟೆ ತಿರುಗುವುದನ್ನೇ ನಿಲ್ಲಿಸಿದ. ವಾಸಪ್ಪನ ಕೈಯ ಮಟ್ಟಗೋಲು ಕಾಂಕ್ರೀಟಿಗೆ ಬಿತ್ತು. ಸಾಲಿನಲ್ಲಿದ್ದ ಒಬ್ಬ ಮುದುಕರು, ಪೊರ್ಬುಗಳಿಗೆ ಹುಷಾರಿಲ್ಲವೋ ಎಂದು ಪಕ್ಕದವರನ್ನು ಕೇಳಿದರು.

ಬಾಗಿಲ ಬಳಿ ಚೌಕದ ಮೇಲೆ ನಿಂತಿದ್ದ ಇಮೆಲ್ಡಾ ತಿರುಗಿ ನೋಡಿದಳು. ಬೈರಾಸಿನಿಂದ ಮುಖ ಒರೆಸಿಕೊಂಡಳು. ಬೆವರೇ ಒರೆಸಿದ್ದಿರಬಹುದು.

"ಎಂತ ನೋಡ್ತೀಯ, ಸುರಿ" ಎಂದು ಮಹಾಲಿಂಗನಿಗೆ ಗದರಿದ.

ಕೊನೆಗೆ ಬಾಗಿಲಿನಿಂದ ಗೇಟಿನವರೆಗಿನ ನಡುವಿನ ಪಟ್ಟಿಯೊಂದು ಉಳಿಯಿತು. ವಾಸಪ್ಪ ಸುತ್ತಿಗೆ ಎತ್ತಿಕೊಂಡು, "ಬಾಯಮ್ಮ, ಸ್ವಲ್ಪ ಇಳೀರಿ. ಈ ಚೌಕ ಒಡೆದು ತೆಗೆದ್ರೆ ಒಟ್ಟಿಗೆ ಒಂದೇ ನೆಲ ಆಗ್ತದೆ. ಇಲ್ಲದಿದ್ರೆ ಇದರ ಗುರುತು ಉಳೀತದೆ" ಎಂದ.

"ಉಳಿಯಲಿ. ಅದು ಅವರು ಮನೆಗೆ ಅಂತ ತಂದ ಮೊದಲ ಕಾಂಕ್ರೀಟು" ಎಂದಳು ಇಮೆಲ್ಡಾ. ಅವಳು ನಕ್ಕಳೋ ಕುಟುಕಿದಳೋ ಕ್ಲೆಟಸನಿಗೆ ತಿಳಿಯಲಿಲ್ಲ. ಎರಡೂ ಇದ್ದಿರಬಹುದು.

ಚೌಕದ ಸುತ್ತ ಸುರಿದು, ಹಲಗೆ ಎಳೆದು, ನಯ ಮಾಡುತ್ತಾ ವಾಸಪ್ಪ ಹಿಂದೆ ಹಿಂದೆ ಸರಿದು ಗೇಟಿಗೆ ಬಂದ. ಅಂಗಳ ತುಂಬ ಬೂದುಬಣ್ಣದ ಹಸಿ ನೆಲ, ಆ ಕೊನೆಯಲ್ಲಿ ತನ್ನ ಚೌಕದ ಮೇಲೆ ಇಮೆಲ್ಡಾ, ಈ ಕೊನೆಯಲ್ಲಿ ಗೇಟಿನ ಹೊರಗೆ ಉಳಿದವರೆಲ್ಲ. ಒಂದು ಬದಿಯಿಂದ ಇನ್ನೊಂದು ಬದಿಗೆ ಯಾರೂ ದಾಟುವಂತಿಲ್ಲ. ಮಹಾಲಿಂಗ ಲಾರಿಯ ಹಿಂದೆ ಹತ್ತಿ ಇಣುಕಿದ.

"ಕ್ಲೆಟಸಣ್ಣ, ಸ್ವಲ್ಪ ಉಂಟು" ಎಂದ.

ಸಾಲು ಅಲುಗಿತು. ಬಾಲ್ದಿಗಳು ಟಣಗುಟ್ಟಿದವು. ಎಲ್ಲರೂ ಕ್ಲೆಟಸನ ಮುಖ ನೋಡಿದರು. ಕ್ಲೆಟಸ್ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡ.

"ನನ್ನ ಲೋಡ್ ಅಲ್ಲ. ಅವಳನ್ನು ಕೇಳಿ."

ಆಗ ಇಮೆಲ್ಡಾ ಹಸಿ ಅಂಗಳದ ಆಚೆಯಿಂದ ಸೊಂಟಕ್ಕೆ ಕೈಯಿಟ್ಟು ವಿಚಾರಣೆ ಶುರುಮಾಡಿದಳು. ಯಾರಿಗೆ, ಎಂತಕ್ಕೆ, ಮನೆಯಲ್ಲಿ ಯಾರು ಕೇಳಿದ್ದು, ಎಷ್ಟು ಕಾಲದಿಂದ ಕೇಳುತ್ತಿದ್ದಾರೆ ಎಂದು ಒಬ್ಬೊಬ್ಬರನ್ನೂ ಕೂಗಿ ಕೇಳಿದಳು. ಧನರಾಜ್ ಟ್ಯಾಂಕಿನ ಅಡಿಗೆ ಎಂದಾಗ, "ಅದು ನಿನಗೆ ಬೇಕಾದ್ದು. ನಿನ್ನ ಹೆಂಡತಿಗೆ ಎಂತ ಬೇಕು ಅಂತ ಕೇಳಿಕೊಂಡು ಬಾ" ಎಂದು ಅಟ್ಟಿದಳು. ಅವನು ಓಡಿಹೋಗಿ ಕೇಳಿಕೊಂಡು ಬಂದು, ಒಗೆಯುವ ಕಲ್ಲು ಎಂದ. ಸಿಕ್ಕಿತು. ಕಿನ್ನಿಗೆ ಒಂದು ಬಾಲ್ದಿ ಸಿಕ್ಕಿತು, ಆದರೆ ಅದನ್ನು ಬಸ್ಸಿನಲ್ಲಿ ಒಯ್ಯುವುದು ಹೇಗೆಂದು ಅವಳೂ ಯೋಚಿಸಿರಲಿಲ್ಲ. ಇಷ್ಟು ವರ್ಷ ಗಂಡ ಸುಖಪಟ್ಟದ್ದು ಯಾವುದರಲ್ಲಿ ಎಂಬುದು ಆ ಹೊತ್ತಿಗೆ ಇಮೆಲ್ಡಾಳಿಗೆ ಗೊತ್ತಾದಂತಿತ್ತು. ಅವಳ ಮುಖ ಅರಳಿತ್ತು. ಕ್ಲೆಟಸ್ ಶಿರಿಯದಲ್ಲಿ ಕಲ್ಪಿಸಿಕೊಂಡ ಮುಖವೇ ಅದು, ಅದಕ್ಕಿಂತ ಚೆನ್ನಾಗಿತ್ತು.

ಅವನ ಬೆನ್ನ ಹಿಂದೆ ದಡ್ ಎಂದು ಸದ್ದಾಯಿತು. ಬಾಲ್ದಿಯವರ ಓಡಾಟಕ್ಕೆ ಹಂಚಿನ ತುಂಡು ಸರಿದು, ಸ್ಕೂಟರ್ ದಾಸವಾಳದ ಮೇಲೆ ಮಲಗಿತ್ತು. ಅದನ್ನು ಎತ್ತಿ ನಿಲ್ಲಿಸುವಾಗ ಕ್ಲೆಟಸನಿಗೂ ಒಂದು ಆಸೆ ಹುಟ್ಟಿತು.

"ಇಮೆಲ್ಡಾ" ಎಂದು ಗೇಟಿನಿಂದ ಕೂಗಿದ. "ಸ್ಕೂಟರಿನ ಸ್ಟ್ಯಾಂಡಿಗೆ ಇಲ್ಲಿ ಒಂಚೂರು ಬೇಕಿತ್ತು."

ಇಮೆಲ್ಡಾ ಅವನನ್ನು ನೋಡಿದಳು. ಬಾಲ್ದಿಗಳ ಸಾಲನ್ನು ನೋಡಿದಳು. ಲಾರಿಯನ್ನೂ ಒಮ್ಮೆ ನೋಡಿದಳು. ಅವಸರವಿಲ್ಲದೆ ಬೈರಾಸನ್ನು ಹೆಗಲ ಮೇಲೆ ಸರಿಪಡಿಸಿಕೊಂಡಳು.

"ಉಳಿದರೆ ನೋಡುವ" ಎಂದಳು.

ಕ್ಲೆಟಸ್ ಹಂಚಿನ ತುಂಡನ್ನು ಮತ್ತೆ ಸ್ಟ್ಯಾಂಡಿನ ಅಡಿಗಿಟ್ಟ. ವಾಸಪ್ಪನ ಕೈಯಿಂದ ಒಂದು ಖಾಲಿ ಬಾಲ್ದಿ ಇಸಿದುಕೊಂಡು, ಹೋಗಿ ಸಾಲಿನ ಕೊನೆಯಲ್ಲಿ ನಿಂತ.